ಕಾಲೇಜಿನ ಗಣಿತವ್ಯಾಸಂಗ: ಹೆಣ್ಣುಮಕ್ಕಳಿಗೂ ಹೆತ್ತವರಿಗೂ ಒಂದು ಅರಿಕೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಯಾವ ವಿಷಯವನ್ನು ಕುರಿತು ಬರೆಯಲೆಂದು ನಾನು ಹೆಚ್ಚಾಗಿ ಯೋಚಿಸಬೇಕಾಗಲಿಲ್ಲ. ಕೆಲವು ವರ್ಷಗಳಿಂದ, ಕಾಲೇಜುಗಳಲ್ಲಿ ಮೊದಲ ಪರೀಕ್ಷೆಯ ಫಲವು ತಿಳಿದುಬಂದ ವಾರಗಳಲ್ಲಿ, ಹಳೆಯ ವಿದ್ಯಾರ್ಥಿನಿಯರಾಗಲಿ ಅವರ ತಾಯಿತಂದೆಗಳಾಗಲಿ ನನ್ನ ಮನೆಯ ಬಾಗಿಲಿಗೆ ಬಂದು ಒಂದೇ ಮಾತನ್ನು ಕೇಳುತ್ತಿರುವರು. “ನಮ್ಮ ಹುಡುಗಿಗೆ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತಾರು ಬಂದಿತ್ತು. ಪಿ.ಯು.ಸಿ.ಯಲ್ಲಿಯೂ ಕಡಿಮೆಯಾಗಲಿಲ್ಲ. ಬಿ.ಎಸ್ಸಿ. ಸೇರಿದ ಮೊದಲ ಪರೀಕ್ಷೆಯಲ್ಲಿಯೇ ಹೀಗೇಕಾಯಿತಮ್ಮಾ? ಗಣಿತ ಇವಳ ತಲೆಗೆ ಹತ್ತುವುದಿಲ್ಲವೆಂದು ತೋರುತ್ತದೆ. ಓದು ಬಿಡಿಸಿಬಿಡೋಣವೆ?”

ಈ ಪ್ರಶ್ನೆಗೆ ನನ್ನಲ್ಲಿ ಒಂದು ಉತ್ತರವುಂಟು. ಅದು ನಾನು ಪುಸ್ತಕದಿಂದ ಕಲಿತುದಲ್ಲ. ಈ ಶಾಲೆಯನ್ನು ಬಿಟ್ಟ ಬಳಿಕ ನಾನೂ ಗಣಿತವನ್ನೇ ಆರಿಸಿಕೊಂಡು ಕಾಲೇಜೊಂದನ್ನು ಸೇರಿದೆನು. ಮೊದಲನೆಯ ಕಿರುಪರೀಕ್ಷೆಯಲ್ಲಿ ನನಗೆ ದೊರೆತುದು ಇಪ್ಪತ್ತೈದಕ್ಕೆ ಆರು ಅಂಕಗಳು. ಲೆಕ್ಕಗಳ ಉತ್ತರಗಳೆಲ್ಲವೂ ಸರಿಯಾಗಿಯೇ ಇದ್ದುವು, ಆದರೆ ನನ್ನ ಒಂದೊಂದು ಪಂಕ್ತಿಯ ಎದುರಿಗೂ ಉಪಾಧ್ಯಾಯರು ಕೆಂಪು ಶಾಯಿಯಲ್ಲಿ “ಏಕೆ?” ಎಂಬ ಒಂದೇ ಪದವನ್ನು ಬರೆದಿದ್ದರು. ಆ ಕಾಗದವನ್ನು ಮಡಿಸಿ ಪೆಟ್ಟಿಗೆಯ ತಳದಲ್ಲಿಟ್ಟು ಆ ರಾತ್ರಿಯೆಲ್ಲ ಅತ್ತೆನು. ಆ “ಏಕೆ?” ಎಂಬುದೇ ಕಾಲೇಜಿನ ಗಣಿತವೆಂದು ನನಗೆ ತಿಳಿಯುವುದಕ್ಕೆ ಮತ್ತೊಂದು ವರ್ಷ ಬೇಕಾಯಿತು. ಅದನ್ನು ನಮ್ಮ ಮಕ್ಕಳಿಗೂ ಅವರ ಹಿರಿಯರಿಗೂ ಮುಂಚಿತವಾಗಿಯೇ ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಊರಿನ ಸಂಗತಿಯನ್ನು ಒಂದೆರಡು ಮಾತಿನಲ್ಲಿ ಹೇಳುವೆನು. ಬಳ್ಳಾರಿ ಜಿಲ್ಲೆಯು ೧೯೫೩ನೆಯ ಅಕ್ಟೋಬರ್ ೧ನೆಯ ತಾರೀಖಿನವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದಿತು. ೧೮೫೭ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾಲಯವೇ ನಮ್ಮವರ ಉಚ್ಚ ವಿದ್ಯೆಗೆ ಆಧಾರವಾಗಿದ್ದಿತು. ನಮ್ಮ ಅಜ್ಜಿಯರ ಕಾಲದ ಹುಡುಗಿಯೊಬ್ಬಳು ಪದವಿಯವರೆಗೆ ಗಣಿತವನ್ನು ಓದಬೇಕೆಂದರೆ ೧೯೧೪ರಲ್ಲಿ ಆರಂಭವಾದ ಕ್ವೀನ್ ಮೇರೀಸ್ ಕಾಲೇಜು, ೧೯೧೫ರಲ್ಲಿ ಆರಂಭವಾದ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು ಮುಂತಾದುವುಗಳನ್ನು ನೆನೆದು, ಮದರಾಸಿನ ರೈಲನ್ನು ಹತ್ತಬೇಕಾಗಿದ್ದಿತು. ಅಷ್ಟು ದೂರ ಮಗಳನ್ನು ಕಳುಹಿಸುವ ಮನೆಗಳು ಎಷ್ಟಿದ್ದಿರಬಹುದು? ನಮ್ಮ ಊರಿನಲ್ಲಿ ವೀರಶೈವ ಕಾಲೇಜು ೧೯೪೫ರಲ್ಲಿ ಹುಟ್ಟಿತು. ಬಳಿಕ ಸರಕಾರದ ಕಾಲೇಜುಗಳೂ ಹೆಂಗಸರಿಗೆಂದೇ ಏರ್ಪಟ್ಟ ಕಾಲೇಜೂ ಬಂದುವು. ೨೦೧೦ರಲ್ಲಿ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯವು ಇಲ್ಲಿಯೇ ಸ್ಥಾಪಿತವಾಯಿತು. ೨೦೨೩ನೆಯ ಜೂನ್ ತಿಂಗಳಿಂದ ಕರ್ನಾಟಕದ ಹೆಣ್ಣುಮಕ್ಕಳು ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹಣವಿಲ್ಲದೆಯೇ ಪ್ರಯಾಣ ಮಾಡಬಹುದಾಗಿದೆ. ಆದುದರಿಂದ ಸಿರುಗುಪ್ಪೆಯ ಅಥವಾ ಕುರುಗೋಡಿನ ಹುಡುಗಿಯು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ಬಳ್ಳಾರಿಯಲ್ಲಿ ಪಾಠ ಕೇಳಿ, ಸಂಜೆಗೆ ಮನೆಯನ್ನು ಸೇರುವುದು ಈಗ ಅಸಾಧ್ಯವಲ್ಲ. ಮಾರ್ಗದ ಕಷ್ಟವು ಬಹುಮಟ್ಟಿಗೆ ಕಳೆದಿದೆ. ಉಳಿದಿರುವುದು ವಿಷಯದ ಒಳಗಿನ ಕಷ್ಟ.

ಆ ಕಷ್ಟವೇನು? ಪ್ರೌಢಶಾಲೆಯ ಗಣಿತದಲ್ಲಿ ನಾವು ಬಹುಪಾಲು ಕೇಳಿಕೊಳ್ಳುವ ಪ್ರಶ್ನೆ “ಉತ್ತರ ಎಷ್ಟು?” ಎಂಬುದು. ಸೂತ್ರವನ್ನು ಗುರುಗಳು ಕೊಡುವರು. ಸಂಖ್ಯೆಗಳನ್ನು ಅದರಲ್ಲಿ ಇಟ್ಟು ಉತ್ತರವನ್ನು ತೆಗೆಯುವುದು ನಮ್ಮ ಕೆಲಸ. ಕಾಲೇಜಿನಲ್ಲಿಯಾದರೋ ಪ್ರಶ್ನೆಯೇ ಬದಲಾಗುವುದು: “ಇದು ಯಾವಾಗಲೂ ನಿಜವೆ? ನಿಜವಾದರೆ ಏಕೆ?” ಹತ್ತು ಸಲ ಪರೀಕ್ಷಿಸಿ ನೋಡಿದೆನು, ಹತ್ತು ಸಲವೂ ಸರಿಹೋಯಿತು, ಆದುದರಿಂದ ನಿಜ ಎಂದರೆ ಸಂತೆಯಲ್ಲಿ ಒಪ್ಪಿಯಾರು, ಗಣಿತದಲ್ಲಿ ಒಪ್ಪುವುದಿಲ್ಲ.

ಇದಕ್ಕೆ ಒಂದು ದೃಷ್ಟಾಂತ. ಯಾವುದಾದರೂ ಒಂದು ಸಂಖ್ಯೆಯನ್ನು ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಬಂದ ಲಬ್ಧಕ್ಕೆ ಅದೇ ಸಂಖ್ಯೆಯನ್ನು ಕೂಡಿಸಿ, ಮತ್ತೆ ೪೧ನ್ನು ಕೂಡಿಸಿರಿ. ೧ನ್ನು ತೆಗೆದುಕೊಂಡರೆ ೪೩ ಬರುವುದು, ೨ಕ್ಕೆ ೪೭, ೩ಕ್ಕೆ ೫೩, ೪ಕ್ಕೆ ೬೧. ಇವೆಲ್ಲವೂ ಅವಿಭಾಜ್ಯ ಸಂಖ್ಯೆಗಳು. ಎಂದರೆ ಒಂದರಿಂದಲೂ ತಮ್ಮಿಂದಲೂ ಹೊರತು ಮತ್ತಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದವು. ಹೀಗೆಯೇ ೩೯ರವರೆಗೆ ಮಾಡುತ್ತ ಹೋದರೂ ಪ್ರತಿಯೊಂದು ಸಲವೂ ಅವಿಭಾಜ್ಯ ಸಂಖ್ಯೆಯೇ ಬರುವುದು. ಮುವ್ವತ್ತೊಂಬತ್ತು ಸಾಕ್ಷಿಗಳು! ಯಾವ ನ್ಯಾಯಸ್ಥಾನವೂ ಇಷ್ಟರಿಂದ ತೃಪ್ತಿಪಟ್ಟೀತು. ಆದರೆ ೪೦ನ್ನು ತೆಗೆದುಕೊಂಡು ನೋಡಿರಿ. ೧೬೦೦ಕ್ಕೆ ೪೦ನ್ನೂ ೪೧ನ್ನೂ ಕೂಡಿಸಿದರೆ ೧೬೮೧ ಆಗುವುದು. ಅದು ೪೧ನ್ನು ೪೧ರಿಂದ ಗುಣಿಸಿದ ಲಬ್ಧ, ಅವಿಭಾಜ್ಯವಲ್ಲ. ಮುವ್ವತ್ತೊಂಬತ್ತು ಸಲ ನಿಜವನ್ನಾಡಿದುದು ನಲವತ್ತನೆಯ ಸಲ ಕೈಕೊಟ್ಟಿತು. ಹದಿನೆಂಟನೆಯ ಶತಮಾನದ ಮಹಾಗಣಿತಜ್ಞನಾದ ಆಯ್ಲರನು ಲೋಕದ ಗಮನಕ್ಕೆ ತಂದ ಸಂಗತಿಯಿದು.

ಹಾಗಾದರೆ ಯಾವುದನ್ನಾದರೂ “ಯಾವಾಗಲೂ ನಿಜ” ಎಂದು ಹೇಳುವುದು ಮನುಷ್ಯಮಾತ್ರರಿಗೆ ಸಾಧ್ಯವೆ? ಸಾಧ್ಯವುಂಟು, ನಮ್ಮ ತಾಯಂದಿರು ಅಂಗಳದಲ್ಲಿ ಇಡುವ ಚುಕ್ಕಿಗಳಿಂದಲೇ ಅದನ್ನು ತೋರಿಸಬಹುದು. ಬೆಸ ಸಂಖ್ಯೆಗಳನ್ನು ಒಂದರಿಂದ ಮೊದಲುಮಾಡಿ ಕೂಡಿಸುತ್ತ ಹೋಗಿರಿ: ಒಂದು, ಒಂದೂ ಮೂರೂ ನಾಲ್ಕು, ಅದಕ್ಕೆ ಐದು ಕೂಡಿದರೆ ಒಂಬತ್ತು, ಅದಕ್ಕೆ ಏಳು ಕೂಡಿದರೆ ಹದಿನಾರು. ಪ್ರತಿ ಸಲವೂ ವರ್ಗಸಂಖ್ಯೆಯೇ ಬರುತ್ತಿದೆ. ಇದು ಎಲ್ಲಿಯಾದರೂ ಕೈಕೊಡುವುದೋ? ಒಂದು ಚುಕ್ಕಿಯನ್ನಿಡಿರಿ. ಅದರ ಬಲಕ್ಕೊಂದು, ಮೇಲಕ್ಕೊಂದು, ಮೂಲೆಗೊಂದು ಹೀಗೆ ಮೂರು ಚುಕ್ಕಿಗಳನ್ನು ಸೇರಿಸಿದರೆ ಎರಡೆರಡರ ಚೌಕವಾಗುವುದು. ಈ ಚೌಕದ ಬಲಕ್ಕೆ ಎರಡು, ಮೇಲಕ್ಕೆ ಎರಡು, ಮೂಲೆಗೆ ಒಂದು, ಒಟ್ಟು ಐದನ್ನು ಸೇರಿಸಿದರೆ ಮೂರು ಮೂರರ ಚೌಕವಾಗುವುದು. ಚೌಕವು ಎಷ್ಟೇ ದೊಡ್ಡದಾಗಿರಲಿ, ಅದನ್ನು ಒಂದು ಸುತ್ತು ಬೆಳೆಸಬೇಕಾದರೆ ಎರಡು ಪಕ್ಕಗಳಿಗೂ ಸಮಸಂಖ್ಯೆಯ ಚುಕ್ಕಿಗಳು, ಮೂಲೆಗೆ ಮಾತ್ರ ಒಂದು ಬೇಕಾಗುವುವು. ಆದುದರಿಂದ ಕೂಡಿಸುವ ಚುಕ್ಕಿಗಳು ಯಾವಾಗಲೂ ಬೆಸವೇ. ಚೌಕದ ಪಕ್ಕವು ಒಂದು ಹೆಚ್ಚಿದಾಗ ಆ ಬೆಸವು ಎರಡು ಹೆಚ್ಚುವುದರಿಂದ ಬೆಸಗಳು ಕ್ರಮವಾಗಿ ಒಂದನ್ನೂ ಬಿಡದೆ ಬರುವುವು. ಇಲ್ಲಿ ಪರೀಕ್ಷಿಸಿ ನೋಡಬೇಕಾದುದು ಏನೂ ಉಳಿಯಲಿಲ್ಲ. ಮೊದಲ ನೂರು ಬೆಸ ಸಂಖ್ಯೆಗಳ ಮೊತ್ತವೆಷ್ಟೆಂದು ಯಾರಾದರೂ ಕೇಳಿದರೆ, ಕೂಡಿಸದೆಯೇ, ಹತ್ತು ಸಾವಿರವೆಂದು ಹೇಳಿಬಿಡಬಹುದು. ಇದಕ್ಕೆ ಸಾಧನೆಯೆಂದು ಹೆಸರು.

ಈ ಪದವು ನಮ್ಮ ಹುಡುಗಿಯರಿಗೆ ಹೊಸತಲ್ಲ. ಪ್ರೌಢಶಾಲೆಯ ರೇಖಾಗಣಿತದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ಭಾಗಗಳಾಗಿ ಪ್ರಮೇಯಗಳನ್ನು ಬರೆದವರೇ ನಾವೆಲ್ಲರೂ. ಆದರೆ ಪರೀಕ್ಷೆಗೆ ಬರತಕ್ಕ ನಾಲ್ಕೈದು ಪ್ರಮೇಯಗಳನ್ನು ಪದ್ಯದಂತೆ ಬಾಯಿಪಾಠ ಮಾಡಿ ಒಪ್ಪಿಸಿದೆವಲ್ಲದೆ, ಅವುಗಳಲ್ಲಿ ಒಂದು ಪಂಕ್ತಿಯಿಂದ ಮುಂದಿನ ಪಂಕ್ತಿಯು ಹೇಗೆ ಹುಟ್ಟಿತೆಂದು ಕೇಳಿದವರು ಕಡಿಮೆ. ಶಾಲೆಯಲ್ಲಿ ಪುಸ್ತಕದ ಒಂದು ಮೂಲೆಯಲ್ಲಿದ್ದ ಆ ಸಾಧನೆಯೇ ಕಾಲೇಜಿನಲ್ಲಿ ಪುಸ್ತಕವನ್ನೆಲ್ಲ ತುಂಬಿಕೊಳ್ಳುವುದು. ತೊಂಬತ್ತಾರು ಅಂಕ ತೆಗೆದವಳು ಮುಗ್ಗರಿಸುವುದಕ್ಕೆ ಇದೇ ಕಾರಣ. ಅವಳ ಬುದ್ಧಿಯು ಒಂದು ಬೇಸಿಗೆಯಲ್ಲಿ ಕುಗ್ಗಿಹೋಗಲಿಲ್ಲ. ಆಟದ ನಿಯಮವು ಬದಲಾಯಿತು, ಅದನ್ನು ಅವಳಿಗೆ ಯಾರೂ ಹೇಳಲಿಲ್ಲ.

ಈಗ ಬಿ.ಎಸ್ಸಿ.ಯಲ್ಲಿ ಏನೇನನ್ನು ಓದುವರೆಂಬುದನ್ನು ಹೇಳುವೆನು. ಕರ್ನಾಟಕದಲ್ಲಿ ಕೆಲವು ವರ್ಷ ನಾಲ್ಕು ವರ್ಷಗಳ ಪದವಿಯ ಪದ್ಧತಿಯಿದ್ದು, ೨೦೨೪ರಿಂದ ಮತ್ತೆ ಮೂರು ವರ್ಷಗಳ, ಅಂದರೆ ಆರು ಸೆಮಿಸ್ಟರುಗಳ ಪದವಿಯು ಜಾರಿಗೆ ಬಂದಿದೆ. ಗಣಿತದೊಡನೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಮೊದಲಾದ ವಿಷಯಗಳನ್ನೂ ಭಾಷೆಗಳನ್ನೂ ಓದಬೇಕು. ಪಠ್ಯಕ್ರಮವು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಕೊಂಚ ಭಿನ್ನವಾದರೂ ಮುಖ್ಯ ಭಾಗಗಳು ಒಂದೇ. ಬದಲಾಗುವ ವಸ್ತುಗಳ ವೇಗವನ್ನೂ ಸಂಚಯವನ್ನೂ ಅಳೆಯುವ ಕಲನಶಾಸ್ತ್ರ, ಆ ವೇಗದಿಂದ ವಸ್ತುವನ್ನೇ ಕಂಡುಹಿಡಿಯುವ ಅವಕಲ ಸಮೀಕರಣಗಳು, ಸಂಖ್ಯೆಗಳ ಅನಂತ ಸಾಲುಗಳನ್ನು ವಿಚಾರಿಸುವ ರಿಯಲ್ ಅನಾಲಿಸಿಸ್, ಗ್ರೂಪ್ ಮತ್ತು ರಿಂಗ್‌ಗಳೆಂಬ ಆಧುನಿಕ ಬೀಜಗಣಿತ, ಲೀನಿಯರ್ ಆಲ್ಜಿಬ್ರಾ ಇವೇ ಆ ಭಾಗಗಳು.

ಹೆಸರುಗಳನ್ನು ಕೇಳಿ ಅಂಜಬೇಕಾಗಿಲ್ಲ. ಗಡಿಯಾರದಲ್ಲಿ ಹತ್ತು ಗಂಟೆಯಾದ ಮೇಲೆ ಐದು ಗಂಟೆಗಳು ಕಳೆದರೆ ಮೂರು ಗಂಟೆಯೆನ್ನುವೆವಲ್ಲದೆ ಹದಿನೈದೆನ್ನುವುದಿಲ್ಲ. ಹನ್ನೆರಡೇ ಅಂಕೆಗಳೊಳಗೆ ಸುತ್ತುವ ಈ ಕೂಡುವ ಲೆಕ್ಕವೇ ಗ್ರೂಪಿಗೆ ಒಂದು ಸುಲಭವಾದ ಉದಾಹರಣೆ. ಹಾಗೆಯೇ ಒಂದು, ಅರ್ಧ, ಮೂರರಲ್ಲೊಂದು, ನಾಲ್ಕರಲ್ಲೊಂದು ಎಂಬ ಸಾಲು ಸೊನ್ನೆಯ ಹತ್ತಿರಕ್ಕೆ ಹೋಗುವುದೆಂದು ಶಾಲೆಯಲ್ಲಿ ಹೇಳುವೆವು. “ಹತ್ತಿರ” ಎಂದರೆ ಎಷ್ಟು ಹತ್ತಿರ? ಕಾಲೇಜಿನಲ್ಲಿ ಉತ್ತರವು ಹೀಗಿರುವುದು: ಎದುರಾಳಿಯು ಎಷ್ಟೇ ಸಣ್ಣ ಅಂತರವನ್ನು ಹೇಳಲಿ, ಸಾಲಿನಲ್ಲಿ ಒಂದು ಸ್ಥಾನದಿಂದ ಮುಂದಕ್ಕೆ ಎಲ್ಲ ಸಂಖ್ಯೆಗಳೂ ಸೊನ್ನೆಯಿಂದ ಆ ಅಂತರದ ಒಳಗೇ ಇರುವುವು. ಅವನು ಸಾವಿರದಲ್ಲೊಂದು ಎಂದರೆ, ಸಾವಿರದ ಸ್ಥಾನವನ್ನು ದಾಟಿದ ಮೇಲಿನ ಸಂಖ್ಯೆಗಳೆಲ್ಲ ಅದಕ್ಕಿಂತ ಸಣ್ಣವೆಂದು ನಾವು ತೋರಿಸುವೆವು. ಅವನು ಹತ್ತು ಲಕ್ಷದಲ್ಲೊಂದು ಎಂದರೂ ನಮ್ಮಲ್ಲಿ ಉತ್ತರವು ಸಿದ್ಧ. ಮೊದಲ ವರ್ಷದಲ್ಲಿ ಬಹು ಜನರನ್ನು ಅಳಿಸುವ ವ್ಯಾಖ್ಯೆಯ ತಿರುಳು ಇಷ್ಟೇ.

ಎರಡನೆಯ ಕಷ್ಟವು ಭಾಷೆಯದು. ಕನ್ನಡದಲ್ಲಿ ಹತ್ತು ವರ್ಷ ಲೆಕ್ಕವನ್ನು ಕಲಿತ ಹುಡುಗಿಗೆ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ಎದುರಾಗುವುದು. ಸಾಧನೆಯಲ್ಲಿ “ಆದರೆ”, “ಆದುದರಿಂದ”, “ಪ್ರತಿಯೊಂದಕ್ಕೂ”, “ಯಾವುದಾದರೂ ಒಂದಕ್ಕೆ” ಎಂಬ ಸಣ್ಣ ಪದಗಳೇ ಜೀವ. ಪರಭಾಷೆಯಲ್ಲಿ ಆ ಸಣ್ಣ ಪದಗಳೇ ಜಾರಿಹೋಗುವುವು. ನಾನು ಮಾಡಿದ ಉಪಾಯವನ್ನು ಹೇಳುವೆನು. ಒಂದು ನೋಟುಪುಸ್ತಕದ ಎಡಪುಟದಲ್ಲಿ ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿಯೂ ಬಲಪುಟದಲ್ಲಿ ಅದನ್ನೇ ನನ್ನ ತಾಯಿಗೆ ಹೇಳುವಂತೆ ಕನ್ನಡದಲ್ಲಿಯೂ ಬರೆಯುತ್ತಿದ್ದೆನು. ಕನ್ನಡದಲ್ಲಿ ಬರೆಯಲಾಗದಿದ್ದರೆ ನನಗೆ ಅದು ತಿಳಿದಿಲ್ಲವೆಂದು ಅರ್ಥ. ಗಣಿತವು ನಮ್ಮ ಭಾಷೆಗೆ ಒಗ್ಗದೆಂದು ಯಾರೂ ತಿಳಿಯಬಾರದು; ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿ ರಚಿಸಿರುವನು.

ವಿದ್ಯಾರ್ಥಿನಿಯರಿಗೆ ಇನ್ನು ಮೂರು ಮಾತುಗಳು. ಮೊದಲನೆಯದಾಗಿ, ಗಣಿತದ ಪುಸ್ತಕವನ್ನು ಕಥೆಯ ಪುಸ್ತಕದಂತೆ ಕಣ್ಣಿನಿಂದ ಓದತಕ್ಕದ್ದಲ್ಲ. ಕೈಯಲ್ಲಿ ಪೆನ್ಸಿಲು ಇರತಕ್ಕದ್ದು. ಒಂದು ಗಂಟೆಗೆ ಒಂದೇ ಪುಟ ಸಾಗಿದರೂ ನಾಚಿಕೆಯಿಲ್ಲ. ಎರಡನೆಯದಾಗಿ, ಪ್ರತಿಯೊಂದು ವ್ಯಾಖ್ಯೆಗೂ ಅದಕ್ಕೆ ಹೊಂದುವ ಒಂದು ಉದಾಹರಣೆಯನ್ನೂ ಹೊಂದದ ಒಂದು ಉದಾಹರಣೆಯನ್ನೂ ನೀವೇ ಕಂಡುಹಿಡಿಯಿರಿ. ಹೊಂದದುದೇ ಹೆಚ್ಚು ಕಲಿಸುವುದು. ಮೂರನೆಯದಾಗಿ, ಸಾಧನೆಯನ್ನು ಓದಿದ ಬಳಿಕ ಪುಸ್ತಕವನ್ನು ಮುಚ್ಚಿ, ಬಾಯಿಪಾಠದಿಂದಲ್ಲ, ಕಾರಣಗಳ ಸಹಾಯದಿಂದ ಮತ್ತೆ ಬರೆಯಿರಿ. ಪ್ರಮೇಯದಲ್ಲಿ ಕೊಟ್ಟಿರುವ ಒಂದೊಂದು ನಿಬಂಧನೆಯೂ ಎಲ್ಲಿ ಉಪಯೋಗವಾಯಿತೆಂದು ಹುಡುಕಿರಿ. ಹಳೆಯ ಪ್ರಶ್ನಪತ್ರಿಕೆಗಳನ್ನೂ ಗೈಡುಗಳನ್ನೂ ಉರುಹೊಡೆದು ತೇರ್ಗಡೆಯಾಗಬಹುದು, ಆದರೆ ಎಂ.ಎಸ್ಸಿ. ಪ್ರವೇಶದ ದಿನ ಬರಿಗೈಯಲ್ಲಿ ನಿಲ್ಲುವಿರಿ. ಉಳಿದ ವಿಷಯಗಳನ್ನೂ ಅಲಕ್ಷ್ಯ ಮಾಡಬೇಡಿರಿ. ಶ್ರೀನಿವಾಸ ರಾಮಾನುಜನ್‌ರಂಥವರೂ ಕುಂಭಕೋಣದ ಕಾಲೇಜಿನಲ್ಲಿ ಗಣಿತವೊಂದನ್ನೇ ಹಿಡಿದು, ಉಳಿದವುಗಳಲ್ಲಿ ಹಿಂದುಳಿದು, ವಿದ್ಯಾರ್ಥಿವೇತನವನ್ನು ಕಳೆದುಕೊಂಡರು. ಬಳಿಕ ೧೯೦೭ರಲ್ಲಿ ಕೂತ ಎಫ್.ಎ. ಪರೀಕ್ಷೆಯಲ್ಲಿಯೂ ಉತ್ತೀರ್ಣರಾಗಲಿಲ್ಲ.

ಇನ್ನು ಹೆತ್ತವರಿಗೆ. “ಇದನ್ನು ಓದಿ ಪ್ರಯೋಜನವೇನು?” ಎಂದು ನೀವು ಕೇಳುವುದು ನ್ಯಾಯವೇ ಸರಿ. ಬಿ.ಎಡ್. ಮಾಡಿದರೆ ಪ್ರೌಢಶಾಲೆಯ ಉಪಾಧ್ಯಾಯಿನಿಯಾಗಬಹುದು. ಐ.ಐ.ಟಿ.ಗಳು ನಡೆಸುವ ಜ್ಯಾಮ್ ಎಂಬ ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾದರೆ ಆ ಸಂಸ್ಥೆಗಳಲ್ಲಿಯೇ ಎಂ.ಎಸ್ಸಿ. ಓದಬಹುದು, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೂ ಆ ಪರೀಕ್ಷೆಯು ಒಂದು ಬಾಗಿಲು. ಪದವಿಯ ವಿದ್ಯಾರ್ಥಿಗಳಿಗೆ ಬೇಸಿಗೆಯ ರಜೆಯಲ್ಲಿ ಸಾಧನೆಯ ಮಾರ್ಗವನ್ನು ಕಲಿಸುವ ಎಂ.ಟಿ.ಟಿ.ಎಸ್. ಎಂಬ ಶಿಬಿರಗಳು ೧೯೯೩ರಿಂದ ನಡೆದುಬಂದಿವೆ. ಪಿ.ಯು.ಸಿ.ಯ ಬಳಿಕ ನೇರವಾಗಿ ಗಣಿತಕ್ಕೇ ಹೋಗಬಯಸುವವರಿಗೆ ಬೆಂಗಳೂರಿನಲ್ಲಿರುವ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಶಾಖೆಯಲ್ಲಿ ಬಿ.ಮ್ಯಾಥ್. ಎಂಬ ಪದವಿಯೂ ಉಂಟು.

ಆ ಸಂಸ್ಥೆಯ ಹೆಸರಿನೊಡನೆ ನಮ್ಮ ಸೀಮೆಯ ಹೆಸರೂ ಸೇರಿಕೊಂಡಿದೆ. ಲೋಕವಿಖ್ಯಾತ ಸಂಖ್ಯಾಶಾಸ್ತ್ರಜ್ಞರಾದ ಸಿ. ಆರ್. ರಾವ್ ಅವರು ೧೯೨೦ರಲ್ಲಿ, ಅಂದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹೂವಿನಹಡಗಲಿಯಲ್ಲಿ ಜನಿಸಿದವರು. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತವನ್ನು ಓದಿ, ೧೯೪೧ರಲ್ಲಿ ಕಲ್ಕತ್ತೆಯ ಆ ಸಂಸ್ಥೆಯನ್ನು ಸೇರಿ, ೧೯೪೫ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿಯೇ, ತಮ್ಮ ಹೆಸರಿನಿಂದ ಇಂದಿಗೂ ಕರೆಯಲ್ಪಡುವ ಸಿದ್ಧಾಂತವನ್ನು ಪ್ರಕಟಿಸಿದರು. ೨೦೨೩ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ಪಡೆದು, ಅದೇ ವರ್ಷ ನೂರೆರಡು ತುಂಬಿದ ವೃದ್ಧಾಪ್ಯದಲ್ಲಿ ದಿವಂಗತರಾದರು. ದಿನವೂ ಬೆಳಗಿನ ನಾಲ್ಕು ಗಂಟೆಗೆ ತಮ್ಮನ್ನು ಎಬ್ಬಿಸಿ ಓದಿಗೆಂದು ಎಣ್ಣೆಯ ದೀಪವನ್ನು ಹಚ್ಚಿಕೊಡುತ್ತಿದ್ದ ತಾಯಿಯನ್ನು ಅವರು ತಮ್ಮ ಗ್ರಂಥವೊಂದರ ಅರ್ಪಣೆಯಲ್ಲಿ ನೆನೆದಿರುವರು. ಆ ತಾಯಿಯು ಮಗನಿಗೆ ಪ್ರಮೇಯವನ್ನು ಕಲಿಸಲಿಲ್ಲ; ಹೊತ್ತನ್ನು ಕೊಟ್ಟಳು. ನಮ್ಮ ಹೆಣ್ಣುಮಕ್ಕಳಿಗೂ ಬೇಕಾದುದು ಅದೇ. ಬಸ್ಸಿನಿಂದಿಳಿದು ಬಂದವಳ ಕೈಗೆ ಪೊರಕೆಯನ್ನೋ ಕೊಡವನ್ನೋ ಕೊಡುವ ಮೊದಲು, ದಿನಕ್ಕೆ ಎರಡು ಗಂಟೆಗಳನ್ನು ಅವಳ ಪಾಲಿಗೆ ಬಿಟ್ಟುಕೊಡಿರಿ.

ಹೆಣ್ಣಿಗೆ ಗಣಿತವು ಹತ್ತದೆಂಬ ಮಾತಿಗೆ ಉತ್ತರವಾಗಿ ಇಬ್ಬರನ್ನು ಹೆಸರಿಸಿದರೆ ಸಾಕು. ರಾಮನ್ ಪರಿಮಳಾ ಅವರು ಮದರಾಸಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಸ್ಟೆಲ್ಲಾ ಮಾರಿಸ್ ಕಾಲೇಜಿನಲ್ಲಿ ಓದಿ, ೧೯೮೭ರಲ್ಲಿ ಭಟ್ನಾಗರ್ ಪ್ರಶಸ್ತಿಯನ್ನು ಪಡೆದು, ೨೦೧೦ರಲ್ಲಿ ಹೈದರಾಬಾದಿನಲ್ಲಿ ನೆರೆದ ಜಾಗತಿಕ ಗಣಿತ ಮಹಾಸಭೆಯಲ್ಲಿ ಪ್ರಧಾನ ಉಪನ್ಯಾಸ ಮಾಡಿದರು. ಕಲ್ಕತ್ತೆಯ ಹೆಣ್ಣುಮಕ್ಕಳ ಬೆಥೂನ್ ಕಾಲೇಜಿನಲ್ಲಿ ಗಣಿತವನ್ನು ಓದಿದ ನೀನಾ ಗುಪ್ತಾ ಅವರು ೨೦೨೧ರಲ್ಲಿ ರಾಮಾನುಜನ್ ಪ್ರಶಸ್ತಿಯನ್ನು ಪಡೆದರು. ಇಬ್ಬರೂ ನಮ್ಮಂತೆಯೇ ಹೆಣ್ಣುಮಕ್ಕಳ ಕಾಲೇಜಿನ ಬೆಂಚಿನ ಮೇಲೆ ಕುಳಿತು ಕಲಿತವರು.

ಕೊನೆಯದಾಗಿ ಒಂದು ಸಂಗತಿಯನ್ನು ಹೇಳಿ ಮುಗಿಸುವೆನು. ನನಗೆ ಆರು ಅಂಕಗಳು ಬಂದ ಆ ಪರೀಕ್ಷೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಗೆಳತಿಗೆ ಎಂಟು ಬಂದಿದ್ದುವು. ಸಿರುಗುಪ್ಪೆಯ ಕಡೆಯ ಗದ್ದೆಯ ಮನೆತನದವಳು, ನನಗಿಂತ ಚುರುಕು. ಆ ತಿಂಗಳು ಇಬ್ಬರ ತಂದೆಯರೂ ಕಾಲೇಜಿಗೆ ಬಂದರು. ನನ್ನ ತಂದೆಯು ನನ್ನನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದರೂ, ವರ್ಷವೊಂದು ಕಳೆಯಲೆಂದು ತಾಯಿಯು ಹೇಳಿಕಳುಹಿಸಿದ್ದರಿಂದ ಬರಿಗೈಯಲ್ಲಿ ಹಿಂದಿರುಗಿದರು. ಅವಳ ತಂದೆಯು ಪೆಟ್ಟಿಗೆಯನ್ನು ಹೊರಿಸಿಕೊಂಡು ಅವಳೊಡನೆ ಹೊರಟರು. ಬರುವ ಮಾಘದಲ್ಲಿ ಮದುವೆಯಾಯಿತು. ಎರಡನೆಯ ವರ್ಷದ ನಡುವೆ, ಒಂದು ಮಧ್ಯಾಹ್ನ, ಯಾರ ಸಹಾಯವೂ ಇಲ್ಲದೆ ಒಂದು ಸಾಧನೆಯು ನನ್ನ ಕೈಯಲ್ಲಿ ಕೊನೆಮುಟ್ಟಿತು. ಕೆಂಪು ಶಾಯಿಯ “ಏಕೆ?”ಗಳು ಮೆಲ್ಲಮೆಲ್ಲಗೆ ಕಡಿಮೆಯಾದುವು. ಆ ಮಧ್ಯಾಹ್ನವು ಅವಳಿಗೆ ಮೊದಲೇ ಬರಬಹುದಾಗಿದ್ದಿತೆಂದು ನಾನು ಇಂದಿಗೂ ನಂಬುವೆನು. ಈಚೆಗೆ ಅವಳು ಬಸ್ ನಿಲ್ದಾಣದಲ್ಲಿ ಸಿಕ್ಕಿ, ಮಗಳು ಪಿ.ಯು.ಸಿ. ಮುಗಿಸಿ ಗಣಿತವನ್ನೇ ಕೇಳುತ್ತಿರುವಳೆಂದು ಹೇಳಿದಳು. “ಮೊದಲ ವರ್ಷ ಕಡಿಮೆ ಬಂದರೆ ಏನು ಮಾಡಲಿ?” ಎಂದು ಅವಳು ಕೇಳಿದುದಕ್ಕೆ, “ಎರಡನೆಯ ವರ್ಷಕ್ಕೆ ಕಳುಹಿಸು” ಎಂದೆನು.

ಈ ಸಂಚಿಕೆಯನ್ನು ಓದುವ ಎಲ್ಲ ತಾಯಿತಂದೆಗಳಲ್ಲಿಯೂ ನನ್ನ ಅರಿಕೆಯು ಅಷ್ಟೇ.